ಬಂಡೆ ಓತಿಯ ಬಣ್ಣ

12 ಮೇ 2024, ಭಾನುವಾರ
ಚಿತ್ರದುರ್ಗ

ಕೋಟೆಯಲ್ಲೂ ಚಂದ್ರವಳ್ಳಿಯ ಬಂಡೆಗಳ ಮೇಲೂ ಓತಿಕ್ಯಾತಗಳಿಗೆ ಇದು ಬೆದೆಯ ಕಾಲ. ಗಂಡುಗಳು ಎತ್ತರದ ಕಲ್ಲು ಹಿಡಿದು ಕೂತಿವೆ. ಬೇಲಿ ಮೇಲೆ ಕಾಣುವ ಓತಿ ಬೇರೆ. ಅದರ ಬೆನ್ನ ಮೇಲೆ ಮುಳ್ಳಿನ ಸಾಲಿದೆ, ಕಿವಿಯ ಮೇಲೆ ಎರಡು ಬಿಡಿ ಮುಳ್ಳುಗಳಿವೆ. ಬಂಡೆ ಓತಿ, ಅಂದರೆ ಸ್ಯಾಮೊಫಿಲಸ್ ಡಾರ್ಸಾಲಿಸ್, ಚಪ್ಪಟೆ ಮೈಯದು. ಇದಕ್ಕೆ ಮುಳ್ಳು ಅಂತ ಇರುವುದು ಕಿವಿ, ಕತ್ತಿನ ಸುತ್ತ ಮಾತ್ರ, ಅದೂ ಚಿಕ್ಕವು. ಕಲ್ಲಿನ ಸೀಳಿಗೆ ನುಸುಳಲು ಈ ಮೈಯೇ ಸರಿ. ದೊಡ್ಡ ಗಂಡು ಬಾಲ ಬಿಟ್ಟು ಸುಮಾರು 13 ಸೆಂ.ಮೀ.; ಬಾಲ ಅದಕ್ಕಿಂತ ಉದ್ದ. ಹೆಣ್ಣು ಚಿಕ್ಕದು, ಕಂದು ಮಚ್ಚೆಯದು, ಕಲ್ಲಿನ ಮೇಲೆ ಬೇಗ ಕಣ್ಣಿಗೆ ಬೀಳುವುದಿಲ್ಲ.

ನೋಡಬೇಕಾದದ್ದು ಗಂಡಿನ ಬಣ್ಣ. ಹೆಣ್ಣು ಹತ್ತಿರ ಬಂದರೆ ಬೆನ್ನಿನ ಪಟ್ಟಿ ಕೆಂಪಗಾಗಿ, ಪಕ್ಕೆ ಕಪ್ಪಾಗುತ್ತದೆ. ಇನ್ನೊಂದು ಗಂಡು ಬಂದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಜೊತೆಗೆ ತಲೆ ಕುಣಿಸುವುದು, ಮುಂಗಾಲೂರಿ ಮೈ ಎತ್ತುವುದು. ಎದುರಾಳಿಗೆ ತೋರುವ ಬಣ್ಣ ಬೇಗ ಏರುತ್ತದೆ, ಹೆಣ್ಣಿಗೆ ತೋರುವುದರಲ್ಲಿ ಕೆಂಪು-ಕಪ್ಪಿನ ಅಂತರ ಎದ್ದು ಕಾಣುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಬಣ್ಣವೊಂದನ್ನೇ ನೋಡಿ ಇದು ಬೇರೆ ಜಾತಿ ಅಂತ ಬರೆದುಕೊಳ್ಳಬೇಡಿ. ಎದುರಿಗೆ ಯಾರಿದ್ದಾರೆ ಅಂತ ಮೊದಲು ಹುಡುಕಿ.

ಬೆಳಿಗ್ಗೆ 8ರಿಂದ 10ರ ಹೊತ್ತು ಒಳ್ಳೆಯದು. ಆಮೇಲೆ ಬಂಡೆ ಕಾದು ಅವು ನೆರಳಿಗೆ, ಸೀಳಿಗೆ ಸರಿಯುತ್ತವೆ. ಬಿಸಿಲು ನಿಮ್ಮ ಬೆನ್ನಿಗಿರಲಿ, 10 ಮೀಟರ್ ದೂರ ಕೂತು ದುರ್ಬೀನಿನಲ್ಲಿ ನೋಡಿ. ಮೊಬೈಲ್ ಹಿಡಿದು ಹತ್ತಿರ ಹೋದರೆ ಬಣ್ಣ ಮಂಕಾಗುತ್ತದೆ, ಇಲ್ಲವೇ ಓತಿಯೇ ಇರುವುದಿಲ್ಲ. ಹಿಡಿದು ತೆಗೆದ ಫೋಟೊದಲ್ಲಿರುವುದು ಹೆದರಿದ ಬಣ್ಣ, ಅದರಿಂದ ಏನೂ ತಿಳಿಯುವುದಿಲ್ಲ.

ಹುಡುಗರು ಕಲ್ಲು ಬೀರುವುದನ್ನು ಕಂಡರೆ ದಯವಿಟ್ಟು ತಡೆಯಿರಿ. ಇದಕ್ಕೆ ವಿಷವಿಲ್ಲ, ತಿನ್ನುವುದು ಇರುವೆ, ಜೀರುಂಡೆಗಳನ್ನು. ಹೆಚ್ಚಿನ ಗಂಡುಗಳಿಗೆ ಬೆದೆಯ ಹಂಗಾಮು ಒಂದೇ. ಈಗ ಸತ್ತದ್ದಕ್ಕೆ ಮುಂದಿನ ವರ್ಷವಿಲ್ಲ. ಹೆಣ್ಣು ಬಂಡೆ ಬುಡದ ಮಣ್ಣು ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಅಲ್ಲಿ ಚಪ್ಪಡಿ ಎಬ್ಬಿಸಬೇಡಿ, ಮಣ್ಣು ಕೆದಕಬೇಡಿ. ಎಬ್ಬಿಸಿದ ಕಲ್ಲನ್ನು ಮತ್ತೆ ಇಟ್ಟರೂ ಸಂದು ಮೊದಲಿನಷ್ಟೇ ಇಕ್ಕಟ್ಟಾಗಿ ಕೂರುವುದಿಲ್ಲ. ಸಂದು ಅಗಲವಾದರೆ ಹಾವು ಸಲೀಸಾಗಿ ಒಳಗೆ ಹೋಗುತ್ತದೆ.