ಗೋದಲಿಯ ಕುರಿ ಕಾಣೆಯಾಗಿದೆ

ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ. ಮಂಗಳೂರಿನ ನಮ್ಮ ಮನೆಯಲ್ಲಿ 19 ಜನ, ಒಂದೇ ಬಚ್ಚಲು. ಚಿಕ್ಕಪ್ಪ ಬಿದಿರು ಸೀಳಿ ಕಟ್ಟಿದ ನಕ್ಷತ್ರದ ಒಂದು ಮೂಲೆ ಸೊಟ್ಟ. ಹಾಗಂತ ಹೇಳಿದವರಿಗೆ ಊಟ ಇಲ್ಲ. ಮಕ್ಕಳು ತೆಂಗಿನ ಚಿಪ್ಪಿನಲ್ಲಿ ಬಿತ್ತಿದ್ದ ಭತ್ತ ಗೇಣುದ್ದ ಬೆಳೆದು ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಬೊಂಬೆ ಕುರಿಗಳನ್ನೇ ಮುಚ್ಚಿಬಿಟ್ಟಿದೆ. ಕತ್ತರಿ ತರಲು ಹೋದವನು ನೆವ್ರಿ (ಕರ್ಜಿಕಾಯಿ) ಡಬ್ಬದ ಹತ್ತಿರ ಸಿಕ್ಕಿಬಿದ್ದ.

ಅಜ್ಜಿ ಇನ್ನೂ ಫೋರ್ಕಿನ ಬೆನ್ನ ಮೇಲೆ ಹಿಟ್ಟು ಒತ್ತಿ ಸಿಹಿತಿಂಡಿ ಕಿಡಿಯೊ ಸುತ್ತುತ್ತಿದ್ದಾರೆ. ಕೊಂಕಣಿಯಲ್ಲಿ ಹಾಗಂದ್ರೆ ಹುಳುಗಳು! ಅಂಗಡಿಯ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳು) ಎಲ್ಲ ಒಂದೇ ಅಳತೆ. ನಮ್ಮದರಲ್ಲಿ ಯಾವುದನ್ನು ಯಾರು ಸುತ್ತಿದ್ದು ಅಂತ ನೋಡಿದರೇ ಗೊತ್ತಾಗುತ್ತದೆ. ದಪ್ಪಗಿರೋದು ನನ್ನದು.

ಚರ್ಚಿನ ರಾತ್ರಿ ಪೂಜೆಗೆ ಹೊರಡಲು ಅರ್ಧ ಗಂಟೆ ಇದೆ. ಬಚ್ಚಲಿನ ಸಾಲಿನಲ್ಲಿ ನಾನು 11ನೆಯವಳು.