ಸ್ಕ್ಯಾನಿಂಗ್ ರಿಪೋರ್ಟಿನ 3.9 ಕೆಜಿ

ಸಂಕ್ರಾಂತಿ ಮುಗಿದು ಮೂರು ದಿನ ಆಗಿತ್ತು. ನನಗೆ ಆಗ 38 ವಾರ. ಚೊಚ್ಚಲ ಬಸುರಿ ಅಂತ ಶ್ರೀರಂಗಪಟ್ಟಣದ ಹತ್ತಿರದ ನಮ್ಮ ಊರಿಗೆ, ತವರಿಗೆ ಬಂದಿದ್ದೆ. ಅವತ್ತು ಅವ್ವನ ಜೊತೆ ಮೈಸೂರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದೆ. ರಿಪೋರ್ಟ್ ಕೈಗೆ ಬಂದಾಗ ಕಣ್ಣಿಗೆ ಬಿದ್ದದ್ದು ಒಂದೇ ಸಾಲು. ಮಗುವಿನ ಅಂದಾಜು ತೂಕ 3.9 ಕೆಜಿ. ಕೊಟ್ಟವರು "ಮಗು ತುಂಬಾ ದೊಡ್ಡದಿದೆ, ನಾರ್ಮಲ್ ಕಷ್ಟ ಆಗಬಹುದು" ಅಂದು ಮುಂದಿನವರ ಹೆಸರು ಕೂಗಿದರು.

ಅವ್ವನಿಗೆ ಖುಷಿಯೋ ಖುಷಿ. "ಹತ್ರತ್ರ ನಾಕು ಕೆಜಿನಾ? ಗುಂಡ್‌ಕಲ್ಲಂಗದೆ ಬುಡು ಮಗ" ಅಂದಳು. ನಮ್ಮ ಕಡೆ ಹೆರಿಗೆ ಆಯ್ತು ಅಂದರೆ ಗಂಡೋ ಹೆಣ್ಣೋ ಅಂತ ಕೇಳಿದ ತಕ್ಷಣ ಎಷ್ಟು ಕೆಜಿ ಅಂತಲೇ ಕೇಳುವುದು. ಜಾಸ್ತಿ ತೂಕ ಅಂದರೆ ಚೆನ್ನಾಗಿ ನೋಡಿಕೊಂಡಿದ್ದಾರೆ ಅಂತ ಲೆಕ್ಕ. ನನಗೆ ಮಾತ್ರ ಬಾಯಿ ಒಣಗಿಹೋಗಿತ್ತು. ಚಿಕ್ಕಮ್ಮನ ಮಗನ ಬಲಗೈ ಕಣ್ಣ ಮುಂದೆ ಬಂದಿತ್ತು.

ಅವನಿಗೆ ಈಗ 19 ವರ್ಷ. ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಮೊಣಕೈ ಸ್ವಲ್ಪ ಒಳಕ್ಕೆ ತಿರುಗಿಕೊಂಡಿದೆ. ಮೂರು ದಿನದ ಹಿಂದೆ ಸಂಕ್ರಾಂತಿ ಸಂಜೆ ಊರ ಮುಂದೆ ಕಿಚ್ಚು ಹಾಯಿಸುವಾಗ ಎತ್ತಿನ ಹಗ್ಗವನ್ನು ಎಡಗೈಗೆ ಸುತ್ತಿಕೊಂಡು ಓಡಿದ್ದ. ಓಟದಲ್ಲಿ ಯಾರಿಗೂ ಕಮ್ಮಿ ಇಲ್ಲ. ಆದರೆ ಅವನು ತಲೆ ಬಾಚುವುದನ್ನು ನೋಡಬೇಕು. ಬಲಗೈಯಲ್ಲಿ ಬಾಚಣಿಗೆ ಹಿಡಿದು, ಕೈಯನ್ನು ತಲೆಗೆ ತರಲು ಆಗದೆ, ತಲೆಯನ್ನೇ ಬಗ್ಗಿಸಿ ಕೈಯ ಹತ್ತಿರ ತರುತ್ತಾನೆ. ಚಿಕ್ಕಂದಿನಿಂದ ನೋಡಿದ್ದೇನೆ. ಯಾಕೆ ಹೀಗೆ ಅಂದರೆ ಮನೆಯಲ್ಲಿ ಒಂದೇ ಉತ್ತರ, "ಹುಟ್ಟುವಾಗ ಹಂಗಾಯ್ತು." ಮಗು ದಪ್ಪ ಇತ್ತು, ತಲೆ ಬಂತು, ಭುಜ ಸಿಕ್ಕಿಕೊಂಡಿತು, ಎಳೆದರು. ಇಷ್ಟು ಮಾತ್ರ ನನಗೆ ಗೊತ್ತಿದ್ದದ್ದು. ಚಿಕ್ಕಮ್ಮನ ಮುಂದೆ ಅದನ್ನು ಯಾರೂ ಎತ್ತುತ್ತಿರಲಿಲ್ಲ.

ನನಗೆ ಇನ್ನೊಂದು ಹೆದರಿಕೆಯೂ ಇತ್ತು. ಶುಗರ್. 26ನೇ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದಮೇಲೆ ರಕ್ತ ತೆಗೆದಾಗ 152 ಬಂದಿತ್ತು. 140 ದಾಟಿದರೆ ಬಸುರಿಯ ಶುಗರ್ ಅಂತ ಲೆಕ್ಕ. ಅವತ್ತಿನಿಂದ ಮನೆಯಲ್ಲೇ ಬೆರಳು ಚುಚ್ಚಿ ನೋಡಿಕೊಳ್ಳುವುದು ಶುರುವಾಯಿತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 95ರ ಒಳಗೆ ಇರಬೇಕು, ಊಟ ಆಗಿ ಎರಡು ಗಂಟೆಗೆ 120ರ ಒಳಗೆ. ಮುದ್ದೆ ಅರ್ಧ ಆಯಿತು, ಸೊಪ್ಪು ಕಾಳು ಎರಡರಷ್ಟಾಯಿತು. ಊಟ ಆದ ಮೇಲೆ ನಾಲೆ ಏರಿಯ ಮೇಲೆ ಅರ್ಧ ಗಂಟೆ ನಡಿಗೆ. ದಾರಿಯಲ್ಲೊಂದು ಆಲೆಮನೆ. ಬಿಸಿ ಬೆಲ್ಲದ ವಾಸನೆ ಗಾಳಿಗೆ ಬಂದರೆ ಕಾಲು ಅಲ್ಲೇ ನಿಂತುಬಿಡುತ್ತಿತ್ತು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲವನ್ನು ಎಲ್ಲರಿಗೂ ಹಂಚಿ, ನಾನು ಬರೀ ಎಳ್ಳು, ಕಡ್ಲೆಬೀಜ ಆರಿಸಿಕೊಂಡು ತಿಂದೆ. ಅಷ್ಟು ಕಟ್ಟುನಿಟ್ಟಾಗಿದ್ದೆ. ಶುಗರ್ ಹಿಡಿತದಲ್ಲೇ ಇತ್ತು. ಆದರೂ 3.9 ಅಂತ ಬಂತಲ್ಲ ಅಂತ ತಡೆದುಕೊಳ್ಳಲು ಆಗಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲ್ ಹಿಡಿದು ಒಂದಾದ ಮೇಲೆ ಒಂದು ವಿಡಿಯೋ ನೋಡಿದೆ. ಭುಜ ಸಿಕ್ಕಿದ ಹೆರಿಗೆ, ಹೊಲಿಗೆ, ರಕ್ತ. ಒಂದೂವರೆ ಗಂಟೆಗೆ ಅವ್ವ ಎದ್ದು ಬಂದು ಮೊಬೈಲ್ ಕಿತ್ತುಕೊಂಡಳು. ಮಾರನೇ ದಿನ ನಮ್ಮ ಅಜ್ಜಿ, "ಉಣ್ಣೋದ ಕಮ್ಮಿ ಮಾಡು, ಕೂಸು ಬೆಳೆಯಾಕಿಲ್ಲ, ಸಲೀಸಾಗಿ ಬತ್ತದೆ" ಅಂದಳು. ಏಳು ಹೆತ್ತವಳು, ಎಲ್ಲವೂ ಮನೆಯಲ್ಲೇ. ಅವಳ ಮಾತು ಕೇಳಿ ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಂಡೆ. ಮಗು ಒಳಗೆ ಒದೆಯುತ್ತಾ ಇತ್ತು. ಹಸಿವಿಗೆ ಒದೆಯುತ್ತಿದೆಯೇನೋ ಅನ್ನಿಸಿ ಅಳು ಬಂತು. ಆಮೇಲೆ ಯಾವತ್ತೂ ಊಟ ಬಿಡಲಿಲ್ಲ. ಹೊಟ್ಟೆಯಲ್ಲಿರುವ ಕೂಸನ್ನು ಸಣ್ಣ ಮಾಡಲು ತಾಯಿ ಉಪವಾಸ ಬೀಳುವ ಈ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ಹೋಗಬೇಕು.

ಮಂಡ್ಯದಿಂದ ನನ್ನ ಗಂಡ ಬಂದರು. "ಸುಮ್ನೆ ಯಾಕೆ ಹೆದರ್ತೀಯ, ಆಪರೇಷನ್ ಮಾಡಿಸಿಬಿಡೋಣ" ಅಂದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಸಿಸೇರಿಯನ್ ಮಾಡಿ ಅಂತ ಕೇಳಿಯೇಬಿಡುವುದು ಅಂದುಕೊಂಡು ಡಾಕ್ಟರ ಹತ್ತಿರ ಹೋದೆ. ಮರೆತುಹೋಗುತ್ತೆ ಅಂತ ಸ್ಕ್ಯಾನಿಂಗ್ ಕವರಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಂಡಿದ್ದೆ: 3.9 ನಿಜವಾ? ಭುಜ ಸಿಕ್ಕಿಕೊಂಡರೆ ನೀವು ಏನು ಮಾಡ್ತೀರ?

ಎರಡನೇ ಪ್ರಶ್ನೆ ಬರೆಯುವಾಗ ಕೈ ನಡುಗಿತ್ತು. ಕೆಟ್ಟದ್ದನ್ನು ಬಾಯಿ ಬಿಟ್ಟು ಆಡಬಾರದು ಅಂತ ಬೆಳೆದವಳು ನಾನು.

ಡಾಕ್ಟರ ಮುಂದೆ ಕೂತಾಗ ಕವರ್ ತೆಗೆಯುವ ಮುಂಚೆಯೇ ಚಿಕ್ಕಮ್ಮನ ಮಗನ ಕಥೆ ಹೇಳಿಬಿಟ್ಟೆ. ಒಂಬತ್ತು ತಿಂಗಳಲ್ಲಿ ಯಾರ ಹತ್ತಿರವೂ ಹೇಳಿರಲಿಲ್ಲ. ಬಾಚಣಿಗೆಯ ವಿಷಯವನ್ನೂ ಹೇಳಿದೆ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಮೇಡಂ ಪೆನ್ ಕೆಳಗಿಟ್ಟು ಪೂರ್ತಿ ಕೇಳಿದರು. ಆ ಋಣ ಮರೆಯಲಾರೆ.

"ನೋಡಮ್ಮ, ಸ್ಕ್ಯಾನಿಂಗ್ ಮಿಷನ್ ಮಗುವನ್ನ ತಕ್ಕಡೀಲಿ ಇಟ್ಟು ತೂಗಲ್ಲ" ಅಂತ ಶುರು ಮಾಡಿದರು. ತಲೆಯ ಅಳತೆ, ಹೊಟ್ಟೆಯ ಸುತ್ತಳತೆ, ತೊಡೆ ಮೂಳೆಯ ಉದ್ದ, ಇವನ್ನು ಹಿಡಿದು ಲೆಕ್ಕ ಹಾಕಿ ತೂಕ ಹೇಳುತ್ತದೆ. ದಿನ ತುಂಬಿದ ಮೇಲೆ ಆ ಲೆಕ್ಕ ನೂರಕ್ಕೆ 10ರಿಂದ 15ರಷ್ಟು ಆಚೆ ಈಚೆ ಆಗುವುದು ಮಾಮೂಲು. ಅಂದರೆ 3.9 ಅಂದದ್ದು ಮೂರೂವರೆಯೂ ಇರಬಹುದು, ನಾಲ್ಕು ದಾಟಿಯೂ ಇರಬಹುದು. ಶುಗರ್ ಇದ್ದವರಿಗೆ ಅಂದಾಜು ತೂಕ ನಾಲ್ಕೂವರೆ ಕೆಜಿ ಮುಟ್ಟಿದರೆ ಆಪರೇಷನ್ ಮಾತಾಡುತ್ತೇವೆ, ನಿನ್ನದು ಅಷ್ಟಿಲ್ಲ ಅಂದರು.

ಶುಗರ್‌ಗೂ ದಪ್ಪ ಮಗುವಿಗೂ ಏನು ಸಂಬಂಧ ಅಂತಲೂ ಅವತ್ತೇ ಗೊತ್ತಾಯಿತು. ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಆಗ ಮಗು ತಾನೇ ಜಾಸ್ತಿ ಇನ್ಸುಲಿನ್ ತಯಾರು ಮಾಡಿಕೊಂಡು ಆ ಸಕ್ಕರೆಯನ್ನು ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. ಆ ಕೊಬ್ಬು ಜಾಸ್ತಿ ಸೇರುವುದು ಭುಜ ಮತ್ತು ಹೊಟ್ಟೆಯ ಸುತ್ತ. ಅದಕ್ಕೇ ತಲೆ ಬಂದರೂ ಭುಜ ತಡೆಯುವ ಭಯ. "ನೀನು ಶುಗರ್ ಹಿಡಿತದಲ್ಲಿ ಇಟ್ಟಿದ್ದೀಯ. ಇಲ್ಲದಿದ್ದರೆ ಇನ್ನೂ ಬೆಳೀತಿತ್ತು" ಅಂದರು. ಬಸುರಿಯಲ್ಲಿ ಮಾಸಿನ ಹಾರ್ಮೋನುಗಳಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಸಿಹಿ ತಿಂದೆ ಅಂತಲೇ ಬರುವ ಕಾಯಿಲೆ ಅಲ್ಲ ಇದು ಅಂತಲೂ ಹೇಳಿದರು. ಮೂರು ತಿಂಗಳಿಂದ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಆ ಒಂದು ಮಾತು ಸಾಕಾಯಿತು.

ಎರಡನೇ ಪ್ರಶ್ನೆಗೆ ಅವರು ಬಾಯಲ್ಲಿ ಉತ್ತರ ಕೊಡಲಿಲ್ಲ. ಬೀರುವಿನಿಂದ ಪ್ಲಾಸ್ಟಿಕ್ಕಿನ ಸೊಂಟದ ಮೂಳೆ, ಒಂದು ಬಟ್ಟೆಯ ಗೊಂಬೆ ತೆಗೆದರು. ಗೊಂಬೆಯ ತಲೆ ಹೊರಗೆ ಬಂತು. ಭುಜ ಮುಂದಿನ ಮೂಳೆಗೆ ಒತ್ತಿಕೊಂಡು ನಿಂತಿತು. "ನಿನಗೆ ಭಯ ಇರೋದು ಇಲ್ಲಿ, ಅಲ್ವಾ?" ಅಂದರು. ಹೂಂ ಅಂದೆ. ನನ್ನನ್ನು ಮಂಚದ ಮೇಲೆ ಮಲಗಿಸಿ, ಎರಡೂ ಮಂಡಿಯನ್ನು ಹೊಟ್ಟೆಯ ಪಕ್ಕಕ್ಕೆ ಮಡಚಿ ಹಿಂದಕ್ಕೆ ಒತ್ತಿಸಿದರು. ಹೀಗೆ ಮಾಡಿದರೆ ಸೊಂಟದ ಮೂಳೆ ತಿರುಗಿ ಭುಜಕ್ಕೆ ದಾರಿ ಬಿಡುತ್ತದೆ. ಸಿಸ್ಟರ್ ಕಿಬ್ಬೊಟ್ಟೆಯ ಹತ್ತಿರ, ಮೂಳೆಯ ಮೇಲ್ಗಡೆ ಅಂಗೈಯಿಂದ ಒತ್ತುತ್ತಾರೆ. ಬಹಳ ಸಲ ಇಷ್ಟಕ್ಕೇ ಭುಜ ಬಿಡುತ್ತದೆ. ಬಿಡದಿದ್ದರೆ ತಾಯಿಯ ಬೆನ್ನಿನ ಕಡೆ ಇರುವ ಮಗುವಿನ ಕೈಯನ್ನು ಮೊದಲು ತೆಗೆಯುವುದು, ಅಥವಾ ತಾಯಿಯನ್ನು ಅಂಗೈ ಮಂಡಿ ಊರಿ ತಿರುಗಿಸುವುದು, ಹೀಗೆ ಒಂದರ ಹಿಂದೆ ಒಂದು. ಹೊಟ್ಟೆಯ ಮೇಲ್ಭಾಗದಿಂದ ಕೆಳಕ್ಕೆ ಒತ್ತುವುದು, ತಲೆ ಹಿಡಿದು ಜೋರಾಗಿ ಎಳೆಯುವುದು, ಇವೆರಡನ್ನು ಮಾತ್ರ ಮಾಡಬಾರದು. ನಾನು ಥಟ್ಟನೆ ಎದ್ದು ಕೂತೆ. ನಮ್ಮ ಚಿಕ್ಕಮ್ಮನಿಗೆ ಹೊಟ್ಟೆ ಒತ್ತಿದ್ದರು ಅಂತ ಅಜ್ಜಿ ಹೇಳಿದ್ದು ನೆನಪಾಗಿತ್ತು.

"ಹಂಗಾದರೆ ಆಪರೇಷನ್ ಬೇಡ್ವಾ ಮೇಡಂ?" ಅಂದೆ. ಬೇಕು ಅಂದರೆ ಮಾಡೋಣ, ಅದಕ್ಕೂ ಅದರದ್ದೇ ಕಷ್ಟ ಇದೆ, ಮುಂದಿನ ಬಸುರಿಗೂ ಲೆಕ್ಕಕ್ಕೆ ಬರುತ್ತೆ ಅಂದರು. ಭುಜ ಸಿಕ್ಕುವ ಹೆರಿಗೆಗಳಲ್ಲಿ ಅರ್ಧದಷ್ಟು ನಾಲ್ಕು ಕೆಜಿಗಿಂತ ಕಮ್ಮಿ ಇರುವ ಮಕ್ಕಳದ್ದೇ, ಹಾಗಾಗಿ ಪ್ರತಿ ಹೆರಿಗೆಗೂ ತಯಾರಾಗಿಯೇ ನಿಲ್ಲುತ್ತೇವೆ ಅಂತಲೂ ಹೇಳಿದರು. ಹುಟ್ಟುವಾಗ ಹೀಗೆ ಕೈ ಸೋತ ಮಕ್ಕಳಲ್ಲಿ ಬಹಳಷ್ಟು ಮಕ್ಕಳಿಗೆ ಕೆಲವು ತಿಂಗಳಲ್ಲಿ ಸರಿಹೋಗುತ್ತದಂತೆ. ನಮ್ಮ ಹುಡುಗನಿಗೆ ಆಗಲಿಲ್ಲ. ನಾನು ಸ್ವಲ್ಪ ಹೊತ್ತು ಯೋಚನೆ ಮಾಡಿ, ನಾರ್ಮಲ್‌ಗೆ ನೋಡೋಣ ಅಂದೆ. 40 ವಾರ ದಾಟಲು ಬಿಡುವುದಿಲ್ಲ, ನೋವು ತಾನಾಗಿ ಬರದಿದ್ದರೆ ಬರಿಸುತ್ತೇವೆ ಅಂತ ತಾಯಿ ಕಾರ್ಡಿನಲ್ಲಿ ಅಡ್ಮಿಟ್ ಆಗುವ ತಾರೀಖು ಬರೆದುಕೊಟ್ಟರು.

ಭಯ ಹೋಯಿತು ಅಂತ ಸುಳ್ಳು ಹೇಳಲಾರೆ. ಆದರೆ ಅವತ್ತು ರಾತ್ರಿ ನಿದ್ದೆ ಬಂತು. ಅಲ್ಲಿಯವರೆಗೆ ನನ್ನ ಭಯ ಒಂದು ಜಾಗಕ್ಕೆ ಬಂದು ನಿಂತುಬಿಡುತ್ತಿತ್ತು, ಭುಜ ಸಿಕ್ಕಿಕೊಂಡಿತು ಅನ್ನುವಲ್ಲಿಗೆ. ಅದರ ಆಚೆ ಏನಾಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಈಗ ಅದರ ಆಚೆಗೂ ಕಥೆ ಇದೆ ಅಂತ ಗೊತ್ತಾಗಿತ್ತು. ದಿನಾ ಸಂಜೆ ಹಾಸಿಗೆಯ ಮೇಲೆ ಮಲಗಿ ಮಂಡಿ ಹಿಂದಕ್ಕೆ ಎಳೆದುಕೊಳ್ಳುವುದನ್ನು ರೂಢಿ ಮಾಡಿದೆ. ಒಂದು ಕಾಲು ಅವ್ವ ಹಿಡಿದರೆ ಇನ್ನೊಂದು ಕಾಲು ನನ್ನ ಗಂಡ. ಅಜ್ಜಿ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಮೂರನೇ ದಿನ ತಾನೇ ಎದ್ದು ಬಂದು "ಬುಡು, ನಾನು ಇಡ್ಕತೀನಿ" ಅಂದಳು.

ಅಡ್ಮಿಟ್ ಆಗಬೇಕಿದ್ದ ದಿನದ ಹಿಂದಿನ ರಾತ್ರಿಯೇ ನೋವು ಶುರುವಾಯಿತು. ಕಾವೇರಿ ಸೇತುವೆ ದಾಟುವಾಗ ಇನ್ನೂ ಕತ್ತಲೆ. ಆಮೇಲಿನ ಹನ್ನೊಂದು ಗಂಟೆಯ ನೋವಿನ ಬಗ್ಗೆ ಬರೆಯುವುದಿಲ್ಲ, ಹೆತ್ತವರಿಗೆಲ್ಲ ಗೊತ್ತಿರುವುದೇ.

ಮಧ್ಯಾಹ್ನ ತಲೆ ಬಂತು. ಬಂದ ತಲೆ ಸ್ವಲ್ಪ ಹಿಂದಕ್ಕೆ ಎಳೆದುಕೊಂಡಂತೆ ಆಯಿತು. ಕೊಠಡಿಯಲ್ಲಿ ಮಾತು ನಿಂತಿತು. ಮೇಡಂ ದನಿ ಒಂದಿಷ್ಟೂ ಏರಿಸದೆ, "ಭುಜ ತಡೀತಿದೆ. ಈಗ ಮುಕ್ಕಬೇಡಮ್ಮ. ಕಾಲು" ಅಂದರು.

ಅವರು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕೈಗಳು ಮಂಡಿಯ ಕೆಳಗೆ ಹೋಗಿದ್ದವು. ಇಬ್ಬರು ಸಿಸ್ಟರ್ ಎರಡೂ ಕಡೆ ಹಿಡಿದು ಹಿಂದಕ್ಕೆ ಒತ್ತಿದರು. ಇನ್ನೊಬ್ಬರು ಒಂದು ಸ್ಟೂಲ್ ಎಳೆದುಕೊಂಡು ಹತ್ತಿ ನಿಂತು ಕಿಬ್ಬೊಟ್ಟೆಯ ಮೇಲೆ ಅಂಗೈ ಇಟ್ಟರು. ಯಾರೋ ಗಡಿಯಾರ ನೋಡಿ ಸೆಕೆಂಡ್ ಎಣಿಸುತ್ತಿದ್ದರು. ನನಗೆ ಆ ಹೊತ್ತಿನಲ್ಲಿ ಕಂಡದ್ದು ಪ್ಲಾಸ್ಟಿಕ್ ಮೂಳೆ, ಅದರೊಳಗೆ ನಿಂತಿದ್ದ ಬಟ್ಟೆಯ ಗೊಂಬೆ. ಮೂಳೆ ತಿರುಗುತ್ತೆ, ದಾರಿ ಬಿಡುತ್ತೆ ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. "ಈಗ ಮುಕ್ಕು" ಅಂದರು. ಒಳಗೆ ಏನೋ ಜಾರಿತು. ಮಗು ಬಂತು. ನಲವತ್ತು ಸೆಕೆಂಡ್ ಅಂತ ಆಮೇಲೆ ಹೇಳಿದರು.

ಹೆಣ್ಣು ಮಗು. ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಜೋರಾಗಿ ಅತ್ತಳು. ತೂಕ 3.680 ಕೆಜಿ. ಸ್ಕ್ಯಾನಿಂಗ್ ಹೇಳಿದ್ದಕ್ಕಿಂತ ಹತ್ತಿರ ಹತ್ತಿರ ಕಾಲು ಕೆಜಿ ಕಮ್ಮಿ, ಅದೂ ಹತ್ತು ದಿನ ಜಾಸ್ತಿ ಬೆಳೆದ ಮೇಲೆ. ಅಷ್ಟಾದರೂ ಭುಜ ತಡೆದಿತ್ತು. ನನಗೆ ಹೊಲಿಗೆ ಬಿದ್ದವು, ಎರಡು ವಾರ ಕೂರಲು ಕಷ್ಟಪಟ್ಟೆ. ಶುಗರ್ ತಾಯಿಯ ಮಗು ಅಂತ ಹಿಮ್ಮಡಿ ಚುಚ್ಚಿ ಸಕ್ಕರೆ ನೋಡಿದರು, ಬೇಗ ಹಾಲು ಕುಡಿಸಿ ಅಂದರು. ಸಕ್ಕರೆ ಸರಿಯಾಗಿತ್ತು.

ಮಕ್ಕಳ ಡಾಕ್ಟರ್ ಬಂದು ಮಗುವನ್ನು ಅಂಗೈಯ ಮೇಲೆ ಮಲಗಿಸಿಕೊಂಡು ತಲೆಯನ್ನು ಒಂದಿಷ್ಟು ಸಡಿಲ ಬಿಟ್ಟರು. ಬೆಚ್ಚಿಬಿದ್ದ ಕೂಸು ಎರಡೂ ಕೈಗಳನ್ನು ಒಟ್ಟಿಗೆ ಅಗಲಿಸಿ, ಮತ್ತೆ ಎದೆಗೆ ತಂದುಕೊಂಡಿತು. ಹತ್ತೂ ಬೆರಳು ಬಿಡಿಸಿಕೊಂಡಿದ್ದವು. "ಎರಡೂ ಕೈ ಸಮ ಇದೆ" ಅಂದರು. ಇನ್ನೊಂದು ಸಲ ಮಾಡಿ ತೋರಿಸಿ ಅಂತ ಕೇಳಿದೆ. ತೋರಿಸಿದರು.

ಮೂರನೇ ದಿನ ಚಿಕ್ಕಮ್ಮ ನೋಡಲು ಬಂದಳು. ಅವಳಿಗೆ ಏನೂ ಹೇಳಿರಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಳು. ಮೂಗು ಯಾರ ಥರ, ಬಣ್ಣ ಯಾರ ಥರ ಅಂತ ಉಳಿದವರು ಮಾತಾಡುತ್ತಾ ಇದ್ದರು. ಅವಳು ಸುತ್ತಿದ್ದ ಬಟ್ಟೆಯನ್ನು ಮೆಲ್ಲಗೆ ಬಿಡಿಸಿ, ಮಗುವಿನ ಬಲಗೈಗೆ ತನ್ನ ಬೆರಳು ಕೊಟ್ಟಳು. ಮಗು ಗಟ್ಟಿಯಾಗಿ ಹಿಡಿಯಿತು. ಚಿಕ್ಕಮ್ಮ ಬೆರಳನ್ನು ಮೇಲಕ್ಕೆ ಎತ್ತಿದಳು. ಕೈ ಜೊತೆಯಲ್ಲೇ ಮೇಲೆ ಬಂತು, ಭುಜ ದಾಟಿ, ಕಿವಿ ದಾಟಿ, ತಲೆಯವರೆಗೆ. ಅವಳು ಹಾಗೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು.