ನಿಮ್ಮಲ್ಲಿ ಎಷ್ಟು ಇಂಚು?

ಮಳೆಗಾಲದಲ್ಲಿ ಕೊಡಗಿನವರು ಬೆಳಿಗ್ಗೆ ಫೋನ್ ಮಾಡಿದರೆ ಮೊದಲು ಕೇಳುವುದು ಇದನ್ನೇ. ಪೇಪರ್‌ನವರು ಮಿಲಿಮೀಟರ್ ಬರೆಯಲಿ, ತೋಟದವರಿಗೆ ಇವತ್ತಿಗೂ ಇಂಚು, ಸೆಂಟೇ ಲೆಕ್ಕ. ನೂರು ಸೆಂಟಾದರೆ ಒಂದು ಇಂಚು. ಅಪ್ಪ ದಿನಾ ಕೊಡೆ ಹಿಡಿದು ಅಂಗಳಕ್ಕೆ ಹೋಗಿ, ಮಳೆ ಮಾಪಕದ ನೀರನ್ನು ಗಾಜಿನ ಜಾಡಿಗೆ ಸುರಿದು, ಕನ್ನಡಕ ಒರೆಸಿಕೊಂಡು ನೋಡಿ, ಡೈರಿಯಲ್ಲಿ ಬರೆಯುತ್ತಾರೆ.

ಮೊನ್ನೆ ಸುಮ್ನೆ 2018ರ ಡೈರಿ ತೆಗೆದೆ. ಆ ಆಗಸ್ಟ್ ಎಲ್ಲರಿಗೂ ನೆನಪಿದೆ, ಅಲ್ವಾ? ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳೇ ಜಾರಿ ಬಂದವು, ಸಂಪಾಜೆ ರಸ್ತೆ ಬಂದ್ ಆಯ್ತು, ಕುಶಾಲನಗರದಲ್ಲಿ ಬಡಾವಣೆಗಳಿಗೆ ನೀರು ನುಗ್ಗಿತು. ಆದರೆ ನನ್ನ ಕಣ್ಣು ನಿಂತಿದ್ದು ಜೂನ್, ಜುಲೈ ಪುಟಗಳಲ್ಲಿ. ಮಳೆಯ ಕಾಲಂ ಖಾಲಿ ಇರುವ ದಿನವೇ ಕಾಣುವುದಿಲ್ಲ. ಜುಲೈ ಕೊನೆಗೆ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗೀಚಿದ್ದಾರೆ: 'ಕೊಟ್ಟಿಗೆಯಲ್ಲಿ ಜಲ ಎದ್ದಿದೆ.'

ಅಂದರೆ ನೆಲದಡಿಯಿಂದ ನೀರು ಉಕ್ಕುತ್ತಿತ್ತು, ನೆಲದ ಹೊಟ್ಟೆ ಆಗಲೇ ತುಂಬಿತ್ತು. ಟಿವಿಯವರು ಅವತ್ತಿನ ಮಳೆ ಮಾತ್ರ ಹೇಳುತ್ತಾರೆ. ಒಣ ನೆಲಕ್ಕೆ ಬಿದ್ದ ಐದು ಇಂಚು ಬೇರೆ, ಎರಡು ತಿಂಗಳು ನೆನೆದ ನೆಲಕ್ಕೆ ಬಿದ್ದ ಐದು ಇಂಚೇ ಬೇರೆ. ಅದು ಇಂಗುವುದಿಲ್ಲ, ತೋಡಿಗೆ ಹಾರುತ್ತದೆ, ಇಲ್ಲದಿದ್ದರೆ ಗುಡ್ಡವನ್ನೇ ಎಳೆದುಕೊಂಡು ಇಳಿಯುತ್ತದೆ. ಅದರ ಮೇಲೆ ನಾವು ರಸ್ತೆಗೆ, ಹೋಂಸ್ಟೇಗೆ ಅಂತ ಗುಡ್ಡದ ಬದಿ ಕೊರೆದಿದ್ದೂ ಸೇರಿತು. ಭೂವಿಜ್ಞಾನಿಗಳು ಇದನ್ನು ಹೇಳಿದಾಗ ನಮ್ಮಲ್ಲಿ ಕೆಲವರಿಗೆ ಸಿಟ್ಟು ಬಂತು. ನನಗೇನೋ ಅವರು ಹೇಳಿದ್ದು ಸರಿ ಅನ್ನಿಸುತ್ತದೆ.

ಆಮೇಲೆ 2019ರಲ್ಲಿ ಕಾವೇರಿ ಉಕ್ಕಿ ನೆಲ್ಯಹುದಿಕೇರಿ, ಕರಡಿಗೋಡಿನ ಹೊಳೆದಂಡೆಯ ಮನೆಗಳು ಹೋದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿಯಿತು. ಮೂರೂ ಆಗಸ್ಟೇ.

ಈಗ ಚಳಿಗಾಲಕ್ಕೂ ಭರವಸೆ ಇಲ್ಲ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ದಡ ಮುಟ್ಟಿದ್ದು ದೂರದ ಪುದುಚೇರಿ ಹತ್ತಿರ, ಮಳೆ ಬಂದಿದ್ದು ನಮ್ಮ ಕಾಫಿ ಕಣಕ್ಕೆ. ಅರೇಬಿಕಾ ಕೊಯ್ದು ಹರಡಿದ್ದೆವು. ಓಡಿಹೋಗಿ ಟಾರ್ಪಾಲು ಎಳೆದೆವು, ಆದರೂ ಅಡಿಯಿಂದ ನೀರು ಹರಿಯಿತು. ಟಾರ್ಪಾಲು ಎತ್ತಿದಾಗ ಬಿಸಿ ಹಬೆ, ಹುಳಿ ವಾಸನೆ, ಕೈ ಹಾಕಿದರೆ ಅಂಟು ಅಂಟು ಹಣ್ಣು.

ಆ ಡಿಸೆಂಬರ್‌ನ ಪುಟವನ್ನೂ ನೋಡಿದೆ. ಆಳಿನ ಲೆಕ್ಕ ಇರಬೇಕಾದ ಜಾಗದಲ್ಲಿ ಅಪ್ಪ ಬರೆದಿದ್ದು ಇಷ್ಟೇ: 'ಕೊಯ್ಲು ಇಲ್ಲ. ಮಳೆ.'